ಹಿಂದಕ್ಕೆ ಕೊಟ್ಟ ಚೆಂಡು

ಫ್ಯಾನಿನ ರೆಕ್ಕೆಯ ನೆರಳು ಅಧ್ಯಕ್ಷ ರೇವಣಸಿದ್ದಯ್ಯನವರ ಬೋಳುತಲೆಯ ಮೇಲೆ ಹಾದು ಹೋಗುತ್ತದೆ, ಮತ್ತೆ ಬರುತ್ತದೆ, ಸುತ್ತಿಗೊಮ್ಮೆ ಕಟಕ್ಕೆಂಬ ಸದ್ದು, ಆ ಸದ್ದೂ ಪುಟ್ಟರಂಗಯ್ಯನಿಗೆ ಬಲಗಿವಿಯಲ್ಲಿ ಮಾತ್ರ — ಎಡಗಿವಿ ಒಣಹುಣಸೆಯಂತೆ ಮುದುಡಿ ಎಷ್ಟು ಕಾಲವಾಯಿತು, ಕುಣಿಗಲ್ಲಿನಲ್ಲಿ ಆಟದ ನಡುವೆ ಕುದುರೆಯ ಮೈತಿಕ್ಕುವ ಆಳೊಬ್ಬನ ಮಂಡಿ ಅದರ ಮೇಲೆ ಕೂತು ಎದ್ದಿತ್ತು, ಎದ್ದವನು ತಪ್ಪಾಯ್ತಣ್ಣ ತಪ್ಪಾಯ್ತಣ್ಣ ಎಂದಿದ್ದ, ತಪ್ಪು ಆಮೇಲೆ ಕಣ್ಲಾ ಚೆಂಡೆಲ್ಲಿ ಎಂದು ತಾನು ರಕ್ತ ಒರೆಸಿಕೊಳ್ಳುತ್ತಲೇ ಕೂಗಿದ್ದು — ಈಗ ಗುಮಾಸ್ತ ಓದುತ್ತಿದ್ದಾನೆ, ಸಂತೆಬೀದಿಯ ಹಿಂಭಾಗದ ಖಾಲಿ ನಿವೇಶನದಲ್ಲಿ ಅಂಗಡಿ ಮಳಿಗೆಗಳನ್ನು ಕಟ್ಟಿಸುವ ವಿಷಯ, ಖಾಲಿ ನಿವೇಶನವಂತೆ, ಖಾಲಿ! ಅಲ್ಲಿ ಆಟದ ಎರಡು ಜೊತೆ ನೀಲಗಿರಿ ಕಂಬಗಳು ನಿಂತಿಲ್ಲವೇ, ಪ್ರತಿ ಜೊತೆಯ ನಡುವೆ ಅಡ್ಡಬಿದಿರು ಕಟ್ಟಿಲ್ಲವೇ, ಈ ಕೊಠಡಿಯ ಕಿಟಕಿಯಿಂದಲೇ ಕಾಣುತ್ತದೆ, ಒಂದು ಅಡ್ಡಬಿದಿರಿನ ಮೇಲೆ ಯಾರದೋ ಸೀರೆ ಒಣಗುತ್ತಿದೆ, ಕಂಬಕ್ಕೊಂದು ಎಮ್ಮೆ, ಊರವರು ಅದನ್ನು ಪುಟ್ಟರಂಗಯ್ಯನ ಗಲ್ಲುಗಂಬ ಅನ್ನುತ್ತಾರೆ, ಅನ್ನಲಿ, ಗಲ್ಲುಗಂಬವನ್ನಾದರೂ ಯಾರೂ ಖಾಲಿ ಎಂದು ಬರೆಯುವುದಿಲ್ಲ.

ಎರಡು ಕೈ ಸಾಕು. ಗುಬ್ಬಿಗೂ ತುಮಕೂರಿಗೂ ನಡುವಿನ ಈ ಪುಟ್ಟ ಪೇಟೆಯ ಪುರಸಭೆಗೆ ತನ್ನದೇ ಒಂದು ರೂಢಿಯಿದೆ, ಒಬ್ಬ ಸದಸ್ಯ ಬೇಡವೆಂದರೆ ಅದು ಅವನ ಹಟ, ಇಬ್ಬರು ಬೇಡವೆಂದರೆ ವಿಷಯ ಮುಂದಿನ ಸಭೆಗೆ, ಅಷ್ಟರೊಳಗೆ ತುಮಕೂರಿಗೆ ಹೋಗಿ ದೊಡ್ಡ ಸಾಹೇಬರ ಬಾಗಿಲು ಕಾಯಬಹುದು, ಕಾಲು ಹಿಡಿಯಬಹುದು, ಮೈದಾನ ಉಳಿಯಬಹುದು — ಒಂದು ಕೈ ತನ್ನದು, ಇನ್ನೊಂದು ಕಾಳಯ್ಯನದು, ಕಾಳಯ್ಯ ಹಿಂದಿನ ಸಾಲಿನಲ್ಲಿ ತನ್ನ ಬಲಕ್ಕೆ ಕೂತಿದ್ದಾನೆ, ಅವನ ಎಲೆಅಡಿಕೆಯ ವಾಸನೆ ಬರುತ್ತಿದೆ, ಎಪ್ಪತ್ತೊಂದರಿಂದ ಈ ಎಂಬತ್ತಾರರವರೆಗೆ ಆಟದಲ್ಲೂ ಅವನ ಜಾಗ ಅದೇ, ಹಿಂದೆ, ಬಲಕ್ಕೆ, ಕಿವಿ ಕೇಳುವ ಕಡೆಗೆ. ಇವತ್ತು ಬೆಳಿಗ್ಗೆ ಹೋಟೆಲಿನಲ್ಲಿ ತಟ್ಟೆ ಇಡ್ಲಿಯನ್ನು ಚಟ್ನಿಯಲ್ಲಿ ಹೊರಳಿಸುತ್ತ ಅಂದನಲ್ಲ, ನೀನು ಕೈ ಎತ್ತು ಬುಡು ರಂಗ, ನಾನು ಹಿಂದಿದೀನಿ, ಯಾವತ್ತು ಬುಟ್ಟಿದೀನಿ — ಬಿಟ್ಟಿಲ್ಲ, ನಿಜ, ಆದರೆ ಅಂದವನು ತಟ್ಟೆಯಿಂದ ತಲೆ ಎತ್ತಲಿಲ್ಲ, ಎದ್ದು ಹೋಗುವಾಗ ಬಿಲ್ಲಿನ ದುಡ್ಡನ್ನೂ ಅವನೇ ಕೊಟ್ಟ, ಆಯುಸ್ಸಿನಲ್ಲಿ ಮೊದಲ ಸಲ, ಹೋಟೆಲಿನವನೇ ಇದೇನು ಕಾಳಣ್ಣ ಮಳೆ ಬತ್ತದೆ ಇವತ್ತು ಎಂದು ನಕ್ಕ, ನಾನೂ ನಕ್ಕೆನಲ್ಲ, ಯಾಕೆ ನಕ್ಕೆ.

ಬೆಂಗಳೂರಿನ ದಂಡಿನಲ್ಲಿ ಸೋದರಮಾವ ಮಿಲಿಟರಿಯವರಿಗೆ ಅಡುಗೆ ಮಾಡುತ್ತಿದ್ದ, ಅವನ ಕೋಣೆಯಲ್ಲಿ ಉಳಿದು ತಾನು ಕೆಲಸ ಹುಡುಕುತ್ತಿದ್ದ ದಿನಗಳು ಅವು, ಕೆಲಸ ಸಿಗಲಿಲ್ಲ, ಸಂಜೆ ಸಿಪಾಯಿಗಳು ಕೆಸರಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಆಡುವ ಆಟ ಕಂಡಿತು, ಚೆಂಡು ದುಂಡಗಿಲ್ಲ, ಕೋಳಿಮೊಟ್ಟೆಯ ಆಕಾರ, ರಗ್ಬಿ ಎಂದು ಹೆಸರು, ಹಿಡಿದುಕೊಂಡು ಮುಂದಕ್ಕೆ ಓಡಬೇಕು ಆದರೆ ಕೈಯಿಂದ ಕೊಡುವುದು ಹಿಂದಕ್ಕೇ, ಮುಂದಕ್ಕೆ ಎಸೆದರೆ ತಪ್ಪು — ಎಂಥ ಆಟವಪ್ಪ ಇದು, ಎದುರಿಗೆ ಬರುವವರೆಲ್ಲ ಕೆಡವಲು ಬರುವವರೇ, ನಿನ್ನವರೆಲ್ಲ ನಿನ್ನ ಬೆನ್ನ ಹಿಂದೆ, ಕಣ್ಣಿಗೆ ಕಾಣುವುದಿಲ್ಲ, ದನಿ ಕೇಳಬೇಕು, ನಂಬಬೇಕು. ಹವಾಲ್ದಾರನೊಬ್ಬ ಹೊಲಿಗೆ ಬಿಟ್ಟ ಹಳೆಯ ಚೆಂಡೊಂದನ್ನು ಕೊಟ್ಟ, ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ರೈಲಿನಲ್ಲಿ ಬಂದಾಗ ಕ್ಯಾತ್ಸಂದ್ರದಲ್ಲಿ ಹತ್ತಿದ ಮುದುಕಿ ಕೇಳಿದಳು, ಮಗು ಗಂಡೋ ಹೆಣ್ಣೋ.

ಚೆಂಡು ಒಂದೇ, ಸವೆದರೆ ಗತಿಯಿಲ್ಲ, ಆದ್ದರಿಂದ ಮಟ್ಟೆ ಸುಲಿಯದ ತೆಂಗಿನಕಾಯಿಯಲ್ಲಿ ಕಲಿತರು ಊರ ಹುಡುಗರು, ಎದೆಗೆ ಬಡಿದರೆ ಉಸಿರು ನಿಲ್ಲುತ್ತಿತ್ತು, ಓಡುವಾಗ ಅಭ್ಯಾಸಬಲದಿಂದ ಕಬಡ್ಡಿ ಕಬಡ್ಡಿ ಎಂದು ಉಸಿರು ಕಟ್ಟುತ್ತಿದ್ದರು, ಬಿಡಿಸಲು ತಿಂಗಳುಗಟ್ಟಲೆ ಹಿಡಿಯಿತು, ಹಿಂದೆ ನೋಡಬ್ಯಾಡ್ರೋ, ಕೊಡೋನು ತಿರುಗಿ ನೋಡುದ್ರೆ ಎದುರಿನೋನಿಗೆ ದಿಕ್ಕು ಗೊತ್ತಾಗ್ತದೆ, ದನಿ ಕೇಳಿ ಬುಟ್ಬುಡಿ ಅಷ್ಟೆ — ತಾನು ಹೇಳಿಕೊಟ್ಟದ್ದು ಇಷ್ಟೇ, ಹದಿನೈದು ವರ್ಷ ಇದೊಂದನ್ನೇ. ಮತ್ತೆ ಆ ಮಂತ್ರಿ ಬಂದ ದಿನ, ಅದನ್ನು ನೆನೆಯಬಾರದು, ನೆನಪೇ ಮುಂದೆ ಬಂದು ಕೂರುತ್ತದೆ, ಆಟ ಉದ್ಘಾಟನೆಯಾದರೆ ಮೈದಾನ ಮೈದಾನವೆಂದೇ ಉಳಿಯುತ್ತದೆ ಎಂಬ ಆಸೆ, ಚೆಂಡಿಗೆ ಪೂಜೆಯಾಗಬೇಕಲ್ಲ, ಹಿತ್ತಾಳೆ ತಟ್ಟೆಯಲ್ಲಿ ಚೆಂಡು, ಅರಿಶಿನ ಕುಂಕುಮ, ಪಕ್ಕದಲ್ಲಿ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ, ಭಾಷಣ ಉದ್ದವಾಯಿತು, ಬಿಸಿಲಿಗೆ ಹಣ್ಣು ಮೆತ್ತಗಾಗಿ ಊದುಬತ್ತಿ ವಾಲಿತು, ಹೊಲಿಗೆ ಬಿಟ್ಟ ಜಾಗದಲ್ಲಿ ಕೆಂಡ ಒಳಗಿನ ರಬ್ಬರಿಗೆ ತಾಗಿತು, ಮಂತ್ರಿಗಳು ಒದೆಯಲು ಕಾಲೆತ್ತುವ ಹೊತ್ತಿಗೆ ಚೆಂಡು ಕುಗ್ಗಿ ಹಳಸಿದ ಕಡುಬಿನಂತಾಗಿತ್ತು, ಒದ್ದರೆ ಚಪ್ಪಲಿಗೆ ಅಂಟಿಕೊಂಡಿತು, ಇದೇನ್ರೀ ಪುಟ್ಟರಂಗಯ್ಯ, ನಿಮ್ಮ ಆಟ ಶುರುವಾಗೋಕ್ ಮುಂಚೆನೇ ಸತ್ತೋಯ್ತಾ ಎಂದರು ಮಂತ್ರಿಗಳು, ಜನ ಬಿದ್ದು ಬಿದ್ದು ನಕ್ಕರು — ಆಗ ಕಾಳಯ್ಯ, ಕಾಳಯ್ಯನೇ ಅಲ್ಲವೇ, ಎಲ್ಲಿಂದಲೋ ಮಟ್ಟೆಕಾಯಿ ತಂದು ನಡುಗೆರೆಯ ಮೇಲಿಟ್ಟು, ಸತ್ತಿಲ್ಲ ಸ್ವಾಮಿ, ಹೊಸ ಜನ್ಮ ಎತ್ತೈತೆ ಎಂದ, ತೆಂಗಿನಕಾಯಿಯಲ್ಲೇ ಪೂರ್ತಿ ಆಟ ಆಡಿದೆವು, ಅವನದೊಂದು ಹಲ್ಲು ಹೋಯಿತು, ಕೊನೆಗೆ ಅದೇ ಕಾಯಿಯನ್ನು ಸುಲಿದು ಒಡೆದು ಗೆದ್ದವರಿಗೂ ಸೋತವರಿಗೂ ಹೋಳು ಹಂಚಿದ್ದು. ಮನೆಯಲ್ಲಿ ಸಿದ್ದಲಕ್ಷ್ಮಮ್ಮ, ಆ ತತ್ತಿಚೆಂಡಿಗೇ ತಾಳಿ ಕಟ್ಬೇಕಿತ್ತು ನೀವು, ನನ್ನನ್ಯಾಕೆ ಕಟ್ಕಂಡ್ರಿ ಎಂದು ಹರಳೆಣ್ಣೆ ಬಿಸಿಮಾಡಿ ಹೆಗಲಿಗೆ ತಿಕ್ಕುತ್ತಿದ್ದಳು.

ಚುನಾವಣೆಗೆ ನಿಂತದ್ದು ಮೈದಾನಕ್ಕಾಗಿ, ಮಾತಾಡಿದ್ದು ಮಾತ್ರ ನಲ್ಲಿಯ ನೀರಿನ ವಿಷಯ, ಜನ ನೀರಿಗೆ ಓಟು ಕೊಟ್ಟರು, ನೀರು ಬರಲಿಲ್ಲ, ಆಡುವ ಹುಡುಗರೂ ಒಬ್ಬೊಬ್ಬರಾಗಿ ಹೋದರು, ಬಸ್ ಕಂಡಕ್ಟರಾದವರು, ಮದುವೆಯಾದವರು, ಹೆಂಡತಿ ಬೇಡವೆಂದದ್ದಕ್ಕೆ ಬಿಟ್ಟವರು, ಹೋದ ವರ್ಷ ಕುಣಿಗಲ್ಲಿನ ತಂಡ ಆಡಲು ಬಂದಾಗ ಈ ಕಡೆ ನಿಂತದ್ದು ತಾನು, ಕಾಳಯ್ಯ, ಮತ್ತು ಎಣಿಕೆಗೆ ಕರೆತಂದ ಕೆಲವರು — ಆದರೂ ಕುಣಿಗಲ್ ಕೆರೆಯಂಚಿನ ಆ ಸಂಜೆ ಒಂದಿತ್ತಲ್ಲ, ಯಾರೂ ಕಿತ್ತುಕೊಳ್ಳಲಾರರು, ಇಬ್ಬರು ಸೊಂಟ ಹಿಡಿದಿದ್ದರು, ಮೂರನೆಯವನು ಕುತ್ತಿಗೆಗೆ ಬರುತ್ತಿದ್ದ, ಬಲಗಿವಿಯ ಹಿಂದೆ ದನಿ, ರಂಗಾ ನಾನಿದೀನಿ ಕಣೋ, ನೋಡದೆ ಬಿಟ್ಟೆ, ಬೀಳುವ ಮುನ್ನ ಕೈಗಳು ಖಾಲಿಯಾದ ಆ ಕ್ಷಣ, ಚೆಂಡು ಹಿಂದೆ ಗಾಳಿಯಲ್ಲಿ ಎಲ್ಲೋ, ಮುಖ ಮಣ್ಣಿನಲ್ಲಿ, ಆಮೇಲೆ ಪಟ್ಟೆಂಬ ಸದ್ದು, ಹಿಡಿದ ಸದ್ದು, ಕಾಳಯ್ಯ ಓಡುವ ಸದ್ದು — ಬದುಕಿನಲ್ಲಿ ಅಷ್ಟು ಒಳ್ಳೆಯ ಸದ್ದನ್ನು ಮತ್ತೆ ಕೇಳಿಲ್ಲ.

ಪರವಾಗಿರೋರು ಕೈ ಎತ್ತಿ ಎನ್ನುತ್ತಾರೆ ಅಧ್ಯಕ್ಷರು, ಎದುರಿನ ಸಾಲಿನಲ್ಲಿ ಕೈಗಳು ಏಳುತ್ತವೆ, ಹಿಂದಿನ ಸಾಲನ್ನು ತಾನು ನೋಡುವುದಿಲ್ಲ, ಕೊಡುವವನು ನೋಡಬಾರದು — ಕಾಳಯ್ಯನ ಅಳಿಯ ಮೊನ್ನೆ ಮೈದಾನದಲ್ಲಿ ಹಗ್ಗ ಹಿಡಿದು ಅಳೆಯುತ್ತಿದ್ದ, ಏನಪ್ಪ ಅಂದರೆ ಸುಮ್ನೆ ಮಾಮ ಅಂದ, ಮೂಲೆಯ ಮಳಿಗೆಗೆ ಬಿಸಿಲು ಬೀಳಲ್ಲ ಅಲ್ವಾ ಅಂದ, ಸುಮ್ಮನೆ ಎಂದುಕೊಂಡೆ, ಎಲ್ಲವನ್ನೂ ಸುಮ್ಮನೆ ಎಂದುಕೊಂಡೆ. ವಿರೋಧ ಇರೋರು, ಎನ್ನುತ್ತಾರೆ ಅಧ್ಯಕ್ಷರು. ಪುಟ್ಟರಂಗಯ್ಯನ ಕೈ ಏಳುತ್ತದೆ, ಹಳೆಯ ಹೆಗಲು ಲಟಕ್ಕೆನ್ನುತ್ತದೆ, ಬಲಗಿವಿಯನ್ನು ಹಿಂದಕ್ಕೆ ತೆರೆದು ಕೂತಿದ್ದಾನೆ, ಕುರ್ಚಿ ಸರಿಯುವ ಸದ್ದು, ತೋಳಿನ ಬಟ್ಟೆಯ ಸದ್ದು, ಏನಾದರೊಂದು — ಫ್ಯಾನು ಕಟಕ್ಕೆನ್ನುತ್ತದೆ, ಅಡಿಕೆ ಕಡಿಯುವ ಸದ್ದು ಕೂಡ ನಿಂತಿದೆ, ಅಧ್ಯಕ್ಷರು ಪುಟ್ಟರಂಗಯ್ಯನ ಬಲಹೆಗಲಿನ ಮೇಲಿಂದ ಹಿಂದಕ್ಕೆ ನೋಡುತ್ತಾರೆ, ಸ್ವಲ್ಪ ಹೊತ್ತು ನೋಡಿ ಕಣ್ಣು ತಗ್ಗಿಸುತ್ತಾರೆ, ಒಂದೇ ಕೈ, ಬರ್ಕಳ್ರಿ, ಪುಟ್ಟರಂಗಯ್ಯನೋರೆ ಇಳಿಸಿ ಕೈ, ಆಯ್ತು ಇಳಿಸಿ, ಯಾರೋ ನಗುತ್ತಾರೆ, ಗುಮಾಸ್ತ ಮುಂದಿನ ವಿಷಯ ಓದುತ್ತಾನೆ, ಚರಂಡಿ, ಕೈ ಇಳಿಯುವುದಿಲ್ಲ, ಹಿಂದೆ ನೋಡಬಾರದು, ಇನ್ನೂ ಬಿದ್ದ ಸದ್ದು ಬಂದಿಲ್ಲ, ಹಿಡಿದ ಸದ್ದೂ ಬಂದಿಲ್ಲ, ಕೈಯಿಂದ ಬಿಟ್ಟಾಗಿದೆ, ಬೆನ್ನ ಹಿಂದೆ, ಬಲಕ್ಕೆ, ಗಾಳಿಯಲ್ಲಿ, ಚೆಂಡು