ಹಾರ್ಬರ್‌ಗೆ ಕನ್ನಡದಲ್ಲಿ ಏನಂತಾರೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? 'ಗುಡ್ಡದ ತುದಿಯಲ್ಲಿ ನಿಂತಾಗ ಸಮುದ್ರದ ಗಾಳಿ ನನ್ನ ಮುಖಕ್ಕೆ ಬಡಿಯಿತು' ಎಂದು ಬರೆದು ನೋಡಿದೆ. ಶುದ್ಧ ಸುಳ್ಳು. ನಾನಿರುವುದು ಸಿಂಗಸಂದ್ರದ ನಮ್ಮ ಮನೆಯ ಮೂರನೇ ಮಹಡಿಯಲ್ಲಿ, ಮುಖಕ್ಕೆ ಬಡಿಯುತ್ತಿರುವುದು ಹೊಸೂರು ರಸ್ತೆಯ ಧೂಳು. ಗುಡ್ಡಕ್ಕೆ ಹೋದವಳು ನನ್ನ ತಂಗಿ ವೇಣಿ. ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನೀವು ನನ್ನನ್ನು ನಂಬಿಬಿಡುತ್ತೀರಿ.

೨

ಸ್ವಲ್ಪ ಹಿನ್ನೆಲೆ. (ಹಿನ್ನೆಲೆ ಬಂದ ತಕ್ಷಣ ಪುಟ ಹಾರಿಸುವವರು ತಡೆದುಕೊಳ್ಳಿ, ನಾಲ್ಕೈದು ಸಾಲು ಅಷ್ಟೆ.) ನಮ್ಮಜ್ಜಿ ರಾಮಕ್ಕನ ಅಪ್ಪ ದೊಡ್ಡಮುನಿಯಪ್ಪ ಎರಡನೇ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ ಹಡಗು ಹತ್ತಿದ, ವಾಪಸ್ಸು ಬರಲಿಲ್ಲ. ಅಜ್ಜಿಗೆ ಆಗ ಒಂದು ವರ್ಷ, ಈಗ ಎಂಬತ್ತೈದು. ಅವಳಪ್ಪ ಏನಾದ ಎಂದು ಹುಡುಕಿಕೊಡುತ್ತೇನೆಂದು ನಾನು ಮಾತು ಕೊಟ್ಟು ಆರು ವರ್ಷವಾಯಿತು. ಪತ್ರ ಬರೆದೆ, ಮೇಲ್ ಹಾಕಿದೆ, ಮೂರು ನೋಟ್‌ಬುಕ್ ತುಂಬಿಸಿದೆ. ಮನೆಯಲ್ಲಿ ಅದಕ್ಕೆ 'ಅಂಬರೀಶನ ರಿಸರ್ಚ್' ಎಂದು ಹೆಸರು. ಹೇಳುವಾಗ ಎಲ್ಲರೂ ಸ್ವಲ್ಪ ನಗುತ್ತಾರೆ.

ವೇಣಿಯನ್ನು ಕಂಪನಿಯವರು ಟ್ರೇನಿಂಗ್‌ಗೆಂದು ದೂರದ ಒಂದು ಊರಿಗೆ ಕಳಿಸಿದರು. (ಊರಿನ ಹೆಸರು ಹೇಳುವುದಿಲ್ಲ. ಗೂಗಲ್ ಮಾಡಿ ನೀವೂ ಹೋಗಿ ಬಂದರೆ ನಿಮ್ಮ ಮೇಲೂ ಉರಿದುಕೊಳ್ಳಬೇಕಾಗುತ್ತದೆ.) ಅಲ್ಲಿ ಹಳೇ ಕೋಟೆಯಿದ್ದ ಗುಡ್ಡದ ಮೇಲೆ ಯುದ್ಧದಲ್ಲಿ ಸತ್ತವರ ಸ್ಮಾರಕ ಉದ್ಯಾನವಿದೆ, ವ್ಯೂ ಸಕ್ಕತ್ತಾಗಿದೆ ಎಂದು ಯಾರೋ ಹೇಳಿದರಂತೆ. ಅರ್ಧ ದಿನ ರಜೆ ಇತ್ತು, ಹೋದಳು. ಸೆಲ್ಫಿಗೆಂದು ಒರಗಿಕೊಂಡ ಕಲ್ಲಿನ ಗೋಡೆಯ ಮೇಲೆ, ಅವಳ ಭುಜದ ಪಕ್ಕದಲ್ಲೇ, ನಮ್ಮ ಮುತ್ತಾತನ ಹೆಸರು. ಜೊತೆಗೆ ನನ್ನ ನೋಟ್‌ಬುಕ್ಕಿನಲ್ಲಿದ್ದ ಅದೇ ಸೈನ್ಯದ ನಂಬರು. ನನ್ನ ಆರು ವರ್ಷ ಎಲ್ಲಿ, ಅವಳ ಒಂದು ಸೆಲ್ಫಿ ಎಲ್ಲಿ.

೩

ಎರಡನೇ ಡ್ರಾಫ್ಟಿನಲ್ಲಿ ವೇಣಿಯನ್ನು ಮೆಟ್ಟಿಲ ಮೇಲೆ ಜಾರಿಸಿ ಅವಳ ಫೋನನ್ನು ಪ್ರಪಾತಕ್ಕೆ ಬೀಳಿಸಿದೆ. ಮನಸ್ಸಿಗೆ ಹಿತವಾಯಿತು. ಓದಲು ಅವಳಿಗೇ ಕಳಿಸಿದೆ.

"ಮೆಟ್ಟಿಲೇ ಇಲ್ಲ ಕಣೋ, ಲಿಫ್ಟ್ ಇದೆ," ಎಂದು ಉತ್ತರ ಬಂತು. "ಆ ವಿಡಿಯೊ ಕಾಲ್ ಯಾಕ್ ಬಿಟ್ಟೆ? ಅದನ್ ಬರಿ."

(ಪಾತ್ರಗಳ ಕೈಗೆ ಕಥೆ ಕೊಡಬಾರದು.) ಡ್ರಾಫ್ಟ್ ಡಿಲೀಟ್ ಮಾಡಿದೆ.

೪

ಸರಿ, ವಿಡಿಯೊ ಕಾಲ್. ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆಗೆ, ಗುಡ್ಡದ ಮೇಲಿಂದಲೇ ಮಾಡಿದ್ದಳು. ಅಜ್ಜಿ ಫೋನಿಗೆ ಮುಖ ಅಂಟಿಸಿಕೊಂಡು ಕೂತಳು. ನನ್ನ ನೋಟ್‌ಬುಕ್ಕುಗಳನ್ನು ಅವಳು ಹಾಗೆ ಒಂದು ದಿನವೂ ಹಿಡಿದಿರಲಿಲ್ಲ. ನಿಮ್ಮಪ್ಪ ಸಿಕ್ಕಿದರು ಅಜ್ಜಿ ಎಂದು ವೇಣಿ ಹೇಳಿದಳು. ಆಮೇಲೆ ಫೋನನ್ನು ಕೆಳಗಿನ ಸಮುದ್ರದ ಕಡೆ ತಿರುಗಿಸಿ, ಹಾರ್ಬರ್ ನೋಡು ಎಂದಳು. ಹಂಗಂದರೇನು ಎಂದು ಅಜ್ಜಿ ಕೇಳಿದಳು. ವೇಣಿ ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ. ಗುಡ್ಡ ಅವಳದಾಯಿತು, ಕಲ್ಲು ಅವಳದಾಯಿತು, ಕನ್ನಡವಾದರೂ ನನ್ನದಾಗಲಿ ಎನ್ನಿಸಿತು.

"ಬಂದರು, ಅಜ್ಜಿ," ಎಂದೆ.

ಸರ್ಜಾಪುರದಲ್ಲಿ ಹುಟ್ಟಿ, ಸಿಂಗಸಂದ್ರಕ್ಕೆ ಮದುವೆಯಾಗಿ ಬಂದು, ಸಮುದ್ರವನ್ನೇ ನೋಡದ ಹೆಂಗಸಿಗೆ ಆ ಪದಕ್ಕೆ ಇರುವುದು ಒಂದೇ ಅರ್ಥ. ಅವಳು ಫೋನನ್ನು ಮಡಿಲಿಗಿಟ್ಟು ಅಡುಗೆಮನೆಯಲ್ಲಿದ್ದ ನಮ್ಮಮ್ಮನನ್ನು ಕೂಗಿದಳು.

"ಧನಲಕ್ಷ್ಮಿ, ನಮ್ಮಪ್ಪ ಬಂದ್ರಂತೆ. ಕಾಲಿಗೆ ನೀರ್ ಕೊಡೇ."

ಅಮ್ಮ ಚೊಂಬು ಹಿಡಿದುಕೊಂಡು ಬಂದು ನನ್ನ ಮುಖ ನೋಡಿದಳು. ಮಡಿಲಿನಿಂದ ವೇಣಿ, ಅಜ್ಜಿಗೆ ಬಿಡಿಸಿ ಹೇಳೋ ಎನ್ನುತ್ತಿದ್ದಳು. ಅಜ್ಜಿ ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, "ನೀನೇ ಕರ್ಕೊಂಡ್ ಬಂದ್ಯೇನೋ?" ಎಂದಳು.

ಹೂಂ ಎಂದೆ.

೫

ಕೊನೆ ಹೇಗಿರಬೇಕು ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಬಂದರು ಎಂದರೆ ಹಡಗು ನಿಲ್ಲುವ ಜಾಗ ಎಂದು ಹೇಳುತ್ತೇನೆ, ಅಜ್ಜಿ ನಕ್ಕುಬಿಡುತ್ತಾಳೆ. (ನಗುವುದಿಲ್ಲ.) ಅಥವಾ, ಅಜ್ಜಿಗೆ ಎಲ್ಲ ಗೊತ್ತಿತ್ತು, ನಮ್ಮನ್ನು ಆಟ ಆಡಿಸಿದಳು. ಇದು ನನಗೆ ಬಹಳ ಹಿಡಿಸಿತು. ಫೋನ್ ಮಾಡಿ ವೇಣಿಗೆ ಹೇಳಿದೆ.

"ಅದು ನಿಂಗ್ ಅನುಕೂಲ ಆಗೋ ಎಂಡಿಂಗು," ಎಂದಳು.

ಹಾಗಾದರೆ ನೀನೇ ಬಂದು ನಿಜ ಹೇಳು ಎಂದೆ. ಒಪ್ಪಲಿಲ್ಲ. ಕಲ್ಲು ಕಂಡಿದ್ದು ತಾನಾದರೂ ಹೂಂ ಎಂದಿದ್ದು ನಾನಂತೆ. ಅಂತೂ ಈ ಕಥೆಯಲ್ಲಿ ನನ್ನದು ಎನ್ನುವುದೊಂದು ಸಿಕ್ಕಿತು.

೬

ಹೇಳಿಯೇಬಿಡೋಣ ಎಂದು ಕೆಳಗಿಳಿದು ಹೋದೆ. ಅಜ್ಜಿ ನಿನ್ನೆಯಿಂದ ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದಾಳೆ. ಹೊಸ ಸೀರೆ ಉಟ್ಟಿದ್ದಾಳೆ. ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡು, ಅಮ್ಮನಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದಳು.

"ಬಂದ್ರು ಅಂದ್ಯಲ್ಲ, ಒಳಕ್ಯಾಕ್ ಬರ್ಲಿಲ್ಲ? ನನ್ ಗುರುತು ಸಿಗ್ಲಿಲ್ವೇನೋ?"

ಓದುಗರೇ, ನಿಮಗೊಂದು ಕೊನೆ ಬೇಕು, ಗೊತ್ತು. ನನಗೆ ನಾಚಿಕೆಯಾಗುತ್ತಿದೆ. ಅಜ್ಜಿ ಉತ್ತರಕ್ಕಾಗಿ ಕಾಯುತ್ತಾ ನೋಡುತ್ತಿದ್ದಾಳೆ, ನನ್ನೊಬ್ಬನನ್ನೇ.