ಕೊನೆಯ ರೀಲು ದೊಡ್ಡಮ್ಮನ ಟ್ರಂಕಿನಲ್ಲಿ

ಆ ಬೆಳಿಗ್ಗೆ ಮಂಜು ಮುಸುಕಿತ್ತು.

ಹೀಗೆ ಶುರುಮಾಡಬಹುದೇ ಎಂದು ದೊಡ್ಡಮ್ಮನಿಗೆ ಓದಿ ಹೇಳಿದೆ. ಹೊಲಿಗೆ ಮೆಷೀನಿನಿಂದ ತಲೆ ಎತ್ತದೆ, "ಮಂಜು ಎಲ್ಲಿತ್ತೇ? ಗಾಳಿ ಇತ್ತು," ಎಂದಳು. ಮಂಜಾದರೆ ಕಥೆಗೆ ಕಳೆ ಬರುತ್ತದೆ ಎಂದೆ. "ಕಳೆ ನಿನ್ನ ಹತ್ರ ಇಟ್ಕೋ. ಪರದೆ ತಗಡು ಬಡ್ಕೊಂಡಿದ್ದು ಗಾಳಿಗೆ."

ಸರಿ, ಓದುಗರೇ, ಹೊಡೆದುಹಾಕಿದ್ದೇನೆ. ಆ ಬೆಳಿಗ್ಗೆ ಗಾಳಿ ಬೀಸುತ್ತಿತ್ತು. (ಗಾಳಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.)

೧

ನಮ್ಮ ಮನೆಯ ಎದುರಿನ ಡ್ರೈವ್-ಇನ್ ಥಿಯೇಟರನ್ನು ಕೆಡವುತ್ತಿದ್ದಾರೆ. ಅದರ ನೆನಪಿಗೆ ಊರಿನವರು ತರುವ ಸ್ಮರಣ ಸಂಚಿಕೆಗೆ ಎರಡು ಪುಟದ ಚರಿತ್ರೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದ್ದಾರೆ. ಶುರುವಾದ ವರ್ಷ, ಒಳಗೆ ಹಿಡಿಸುತ್ತಿದ್ದ ಕಾರುಗಳ ಲೆಕ್ಕ, ತಗಡಿನ ಪರದೆಯ ಉದ್ದಗಲ ಎಲ್ಲವನ್ನೂ ಬರೆದೆ. ಓದಿದಾಗ ನನಗೇ ಆಕಳಿಕೆ ಬಂತು. ಹರಿದೆ.

ನಿಜವಾದ ಚರಿತ್ರೆ ಇಷ್ಟೇ. ಕಾರಿನಲ್ಲಿ ಬಂದವರು ಕಂಬದ ಸ್ಪೀಕರನ್ನು ಕಿಟಕಿಗೆ ಸಿಕ್ಕಿಸಿಕೊಂಡು ಮಾತು ಕೇಳುತ್ತಿದ್ದರು. ನಮ್ಮ ತಾರಸಿಗೆ ಚಿತ್ರ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ನಮ್ಮ ಸ್ಪೀಕರು ದೊಡ್ಡಮ್ಮ. ಖಳನಾಯಕ ಬಾಯಿ ತೆರೆದರೆ ಅವಳು ನಮ್ಮ ಮನೆ ಮಾಲೀಕನ ದನಿಯಲ್ಲಿ ಗದರುತ್ತಿದ್ದಳು. ನಾಯಕಿ ಹಾಡಿದರೆ ದೇವರ ನಾಮ. ಅವಳ ಸಿನಿಮಾಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಗುಂಡು ತಗಲಿ ಬಿದ್ದವನಿಗೂ "ಪಾಪ, ಸುಸ್ತಾಗಿದೆ, ಮಲಗಲಿ" ಎನ್ನುವಳು. ಕಥೆ ಹೇಳುವುದನ್ನು ನಾನು ಕಲಿತದ್ದು ಇಲ್ಲೇ. (ಎಲ್ಲಿ ಕಲಿತಳೋ ಎಂದು ನೀವು ಅನುಮಾನಿಸುತ್ತಿದ್ದಿರಿ, ಗೊತ್ತು.)

೨

ಥಿಯೇಟರಿನ ಹಳೆಯ ರಿಜಿಸ್ಟರಿನಲ್ಲಿ ಒಂದು ಸಾಲು ಸಿಕ್ಕಿತು: "ಕೊನೆಯ ರೀಲು ನಾಪತ್ತೆ. ಆಪರೇಟರನ ಕೈವಾಡ."

ಪ್ರೊಜೆಕ್ಟರ್ ನಡೆಸುತ್ತಿದ್ದವರು ನಮಗೆ ಆಪರೇಟರ್ ಮಾಮ, ಉಳಿದವರಿಗೆ ರೀಲುಕಳ್ಳ. ಆ ಘಟನೆಯ ನಂತರ ಅವರನ್ನು ಕ್ಯಾಬಿನ್ನಿನಿಂದ ತೆಗೆದು ಗೇಟಿನಲ್ಲಿ ಟಿಕೆಟ್ ಹರಿಯಲು ಹಾಕಿದರು. ಥಿಯೇಟರು ಮುಚ್ಚುವವರೆಗೂ ಹರಿದರು. ಅಡ್ಡಹೆಸರು ಮುಚ್ಚಲಿಲ್ಲ.

ಸಾಲನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಮೆಷೀನು ನಿಂತಿತು.

"ಅದನ್ನ ಅಚ್ಚು ಹಾಕಿಸ್ತೀಯಾ?"

"ದಾಖಲೆ ಅಲ್ವಾ ದೊಡ್ಡಮ್ಮ."

"ಅವರು ತಗೊಂಡಿಲ್ಲ. ನಾನು ತಗೊಂಡೆ."

೩

(ಇಲ್ಲಿ ಲೇಖಕಿ ನೀರು ಕುಡಿದಳು.)

ಆ ಚಿತ್ರದ ಕೊನೆಯಲ್ಲಿ ಮಗನಿಗಾಗಿ ಕಾದ ತಾಯಿ ಹೊಸ್ತಿಲ ಮೇಲೆ ಒರಗುತ್ತಾಳೆ. ಚಿತ್ರ ಓಡಿದ ಮೊದಲ ಆರು ದಿನವೂ ತಾರಸಿಯ ಮೇಲೆ ದೊಡ್ಡಮ್ಮ ನಮಗೆ, ಅವಳು ನಿದ್ದೆಹೋಗಿದ್ದಾಳೆ, ಮಗ ಬಂದು ಎಬ್ಬಿಸುತ್ತಾನೆ ಎಂದೇ ಹೇಳಿದ್ದಳು. ಏಳನೆಯ ದಿನ ಸೋದರಮಾವ ತನ್ನ ಕಾರಿನಲ್ಲಿ ನನ್ನನ್ನು ಒಳಗೆ ಕರೆದೊಯ್ಯುವವನಿದ್ದ. ನಿಜವಾದ ಮಾತು ನನ್ನ ಕಿವಿಗೆ ಬೀಳುವುದಿತ್ತು. ನನಗೆ ಎಂಟು ವರ್ಷ. ನನ್ನ ಅಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು.

ಆ ಬೆಳಿಗ್ಗೆ ದೊಡ್ಡಮ್ಮ, ಗುಂಡಿ ಹಾಕಿದ ಶರ್ಟನ್ನು ಆಪರೇಟರ್ ಮಾಮನಿಗೆ ಕೊಡಲು ಹೋದಳು. ಗಾಳಿಗೆ ಸಡಿಲವಾದ ತಗಡನ್ನು ಬಿಗಿಮಾಡಲು ಅವರು ಪರದೆಯ ಮೇಲೆ ಹತ್ತಿದ್ದರು. (ಗಾಳಿ ಬೇಕಾಗುತ್ತದೆ ಎಂದಿದ್ದೆನಲ್ಲ.) ಕ್ಯಾಬಿನ್ನಿನ ಬಾಗಿಲು ತೆರೆದಿತ್ತು.

"ಶರ್ಟು ಇಟ್ಟೆ, ಡಬ್ಬಿ ತಗೊಂಡೆ. ದೇವರು ನೋಡ್ತಿದ್ದ. ಅವನಿಗೆ ಹೇಳಿಯೇ ತಗೊಂಡೆ."

ಮಾರನೆಯ ದಿನವೇ ಹಿಂದಿರುಗಿಸುವ ಯೋಚನೆಯಿತ್ತಂತೆ. ಅಷ್ಟರಲ್ಲಿ ಅವರು ಕಳ್ಳರಾಗಿದ್ದರು, ಇವಳಿಗೆ ಕಾಲು ಏಳಲಿಲ್ಲ. ಮಾರನೆಯ ದಿನ ಮೂವತ್ತೆರಡು ವರ್ಷವಾಯಿತು.

ನನಗೆ ನೆನಪಿರುವುದು: ತಾಯಿ ಬಾಗಿಲಲ್ಲಿ ನಿಂತಿದ್ದಳು, ಪರದೆ ಬೆಳ್ಳಗಾಯಿತು, ಕಾರುಗಳೆಲ್ಲ ಒಟ್ಟಿಗೆ ಹಾರನ್ ಬಾರಿಸಿದವು. ನಾನೊಬ್ಬಳು ಖುಷಿಯಾಗಿದ್ದೆ. ಅವಳಿನ್ನೂ ನಿಂತೇ ಇದ್ದಳಲ್ಲ. ಇನ್ನೊಂದು ನೆನಪು: ದೊಡ್ಡಮ್ಮನ ಅಳತೆ ಟೇಪು ಕಳೆದುಹೋಗಿ, ಆ ವಾರವೆಲ್ಲ ಅವಳು ದಾರದಲ್ಲಿ ಅಳೆದು ರವಿಕೆ ಹೊಲಿದಿದ್ದಳು. ಒಂದೂ ಯಾರ ಮೈಗೂ ಕೂರಲಿಲ್ಲ.

೪

ದೊಡ್ಡಮ್ಮನನ್ನು ಉಳಿಸಲು ಮೂರು ಮುಕ್ತಾಯಗಳನ್ನು ಯೋಚಿಸಿದೆ.

ಅ) ರೀಲನ್ನು ಇಲಿ ತಿಂದಿತು. (ದೊಡ್ಡಮ್ಮ: "ಡಬ್ಬಿ ತಗಡಿಂದು.")

ಆ) ಥಿಯೇಟರ್ ಮಾಲೀಕನೇ ಮಾರಿಕೊಂಡ. ("ಸತ್ತವರ ತಲೆಗೆ ಕಟ್ಟಬೇಡ.")

ಇ) ಆ ಸಾಲನ್ನೇ ಬಿಟ್ಟುಬಿಡುವುದು. ಇದಕ್ಕೆ ಅವಳು ಮೆಷೀನು ಬಿಟ್ಟು ಎದ್ದಳು. "ನೀನು ಬಿಟ್ರೆ ಜನ ಬಿಡ್ತಾರೇನೇ? ಬರಿ. ನಾನೇ ಅಂತ ಬರಿ."

ಪಾತ್ರಗಳು ಲೇಖಕಿಯ ಮಾತು ಮೀರುತ್ತವೆ ಎಂದು ಕೇಳಿದ್ದೆ. ಸೆರಗು ಸಿಕ್ಕಿಸಿಕೊಂಡು, ಟ್ರಂಕು ತೆಗೆದು, ಲೇಖಕಿಯನ್ನು ಕೈಹಿಡಿದು ರಸ್ತೆ ದಾಟಿಸುತ್ತವೆ ಎಂದು ಗೊತ್ತಿರಲಿಲ್ಲ.

೫

ಥಿಯೇಟರು ಮುಚ್ಚಿದ್ದರೂ ಗೇಟಿನ ಕೋಣೆಯಲ್ಲಿ ಆಪರೇಟರ್ ಮಾಮ ಎಂದಿನಂತೆ ಕೂತಿದ್ದರು. ಆಚೆ ಕೆಲಸದವರು ಪರದೆಯ ತಗಡು ಬಿಚ್ಚುತ್ತಿದ್ದರು. ದೊಡ್ಡಮ್ಮ ಚೀಲದಿಂದ ಡಬ್ಬಿ ತೆಗೆದು ಅವರ ಮುಂದಿಟ್ಟಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ ಮಾತೆಲ್ಲ ಮರೆತು, "ತಡವಾಯ್ತು," ಎಂದಳು.

ಅವರು ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದರು. "ಪರವಾಗಿಲ್ಲ ಅಕ್ಕ. ಇಂಟರ್ವಲ್ ಸ್ವಲ್ಪ ಉದ್ದವಾಯ್ತು."

ಕಳ್ಳ ಅನ್ನಿಸಿಕೊಂಡಿರಿ, ಎಂದಳು ದೊಡ್ಡಮ್ಮ.

"ಅನ್ನಿಸ್ಕೊಂಡೆ. ಚುಚ್ತಿತ್ತು," ಎಂದರು. ಮತ್ತೆ ನನ್ನ ಕಡೆ ತಿರುಗಿ, "ಆದ್ರೆ ಕ್ಯಾಬಿನ್ನಲ್ಲಿ ಪ್ರೊಜೆಕ್ಟರ್ ಸದ್ದಲ್ಲಿ ನಂಗೂ ಒಂದು ಮಾತು ಕೇಳ್ತಿರ್ಲಿಲ್ಲಮ್ಮ. ಗೇಟಿಗೆ ನಿಮ್ಮ ತಾರಸಿ ಸಿನಿಮಾ ಚೆನ್ನಾಗಿ ಕೇಳ್ತಿತ್ತು."

ಜೊತೆಗೊಯ್ದಿದ್ದ ರಿಜಿಸ್ಟರಿನ ಆ ಸಾಲನ್ನು ಅವರೆದುರೇ ಹೊಡೆದು ದೊಡ್ಡಮ್ಮ ಹೇಳಿದಂತೆ ಬರೆದೆ. ಓದಿ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಇನ್ನೊಮ್ಮೆ ಓದು ಎಂದರು.

ರೀಲಿನಲ್ಲಿ ತಾಯಿ ಸತ್ತಿದ್ದಾಳೋ ನಿದ್ದೆಹೋಗಿದ್ದಾಳೋ ಎಂದು ನೀವು ಕೇಳುತ್ತೀರಿ. ಡಬ್ಬಿಯ ಮುಚ್ಚಳ ತುಕ್ಕು ಹಿಡಿದಿದೆ, ಓದುಗರೇ. ಯಾರೂ ತೆಗೆಯಲಿಲ್ಲ, ನಾನೂ ತೆಗೆಯುವುದಿಲ್ಲ. ಅವಳನ್ನು ಎಬ್ಬಿಸುವವನು ಬೇರೆ, ಮೇಲೆ ಇದ್ದಾನೆ.

ಹೊರಟಾಗ ಆಪರೇಟರ್ ಮಾಮ, "ಅಕ್ಕ, ಸ್ವಲ್ಪ ನಿಲ್ಲಿ," ಎಂದರು. ಮೇಜಿನ ಡ್ರಾಯರ್ ಎಳೆದು, ರೀಲಿನಂತೆ ಬಿಗಿಯಾಗಿ ಸುತ್ತಿಟ್ಟ ಹಳದಿ ಅಳತೆ ಟೇಪನ್ನು ತೆಗೆದರು.

"ಅವತ್ತೇ, ಡಬ್ಬಿ ಇದ್ದ ಜಾಗದಲ್ಲೇ ಸಿಕ್ಕಿತ್ತು," ಎಂದು ಅದನ್ನು ದೊಡ್ಡಮ್ಮನ ಅಂಗೈಯಲ್ಲಿಟ್ಟರು.