ಹಿತ್ತಲ ಕಡೆಯ ಗೋಡೆ

"ನೀವು ಅಂದ್ರೆ ಕೆಟ್ಟಿತು ಅಮ್ಮಾ. ನೀನು ಅನ್ನಿ. ತಮ್ಮನಿಗೆ ಯಾರು ನೀವು ಅಂತಾರೆ?" ಟೈಲರ್ ಮೂರನೇ ಸಲ ಹೇಳಿಕೊಟ್ಟ.

ಮನೆಯೊಡತಿಯ ನಾಲಿಗೆ ಹೊರಳಲೇ ಇಲ್ಲ. ಹನ್ನೊಂದು ವರ್ಷದಿಂದ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವನನ್ನು ಒಂದೇ ಬೆಳಗ್ಗೆ ತಮ್ಮನನ್ನಾಗಿ ಮಾಡಿಕೊಳ್ಳುವುದೆಂದರೆ ಹುಡುಗಾಟವೇ? ಆದರೆ ಬೇರೆ ದಾರಿ ಇರಲಿಲ್ಲ. ಕಿಟಕಿಯಿಲ್ಲದ ಕೋಣೆಯನ್ನು ಬಾಡಿಗೆಗೆ ಕೊಡಕೂಡದೆಂದು ನಗರಸಭೆ ಹೊಸ ನಿಯಮ ಮಾಡಿತ್ತು. ಸಿಕ್ಕಿಬಿದ್ದರೆ ಕೋಣೆಗೆ ಬೀಗ, ಒಳಗಿದ್ದವರು ಬೀದಿಗೆ. ಮನೆಮಂದಿಯೇ ವಾಸವಿದ್ದರೆ ಮಾತ್ರ ವಿನಾಯಿತಿ. ಅದಕ್ಕೇ ಈ ನಾಟಕ.

ಕಿಟಕಿ ಇಡಲು ಸಾಧ್ಯವಿದ್ದದ್ದು ಹಿತ್ತಲ ಕಡೆಯ ಗೋಡೆಯಲ್ಲಿ ಮಾತ್ರ. ಮನೆ ಕಟ್ಟುವಾಗಲೇ ಮೇಸ್ತ್ರಿ ಕೇಳಿದ್ದ, ಆಕೆಯೇ ಸುತರಾಂ ಬೇಡವೆಂದಿದ್ದಳು. ಮಧ್ಯಾಹ್ನ ಕೂದಲು ಹರಡಿಕೊಂಡು, ಕಾಲು ಚಾಚಿ, ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳಲು ಆಕೆಗಿದ್ದ ಜಾಗ ಆ ಹಿತ್ತಲೊಂದೇ. ಅಲ್ಲಿಗೆ ಇನ್ನೊಬ್ಬರ ಕಣ್ಣು ಬೀಳುವುದನ್ನು ನೆನೆದರೇ ಮೈ ಮುದುಡುತ್ತಿತ್ತು.

ಹನ್ನೊಂದು ಗಂಟೆಗೆ ನಗರಸಭೆಯ ಇನ್‌ಸ್ಪೆಕ್ಟರ್ ಬಂದರು, ಕನ್ನಡಕದ ಹೆಂಗಸು. ಹಿಂದಿನದು ತಮ್ಮನ ಕೋಣೆ, ಬಾಡಿಗೆ ಗೀಡಿಗೆ ಏನೂ ಇಲ್ಲವೆಂದು ಮನೆಯೊಡತಿ ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ತನ್ನ ಧೈರ್ಯಕ್ಕೆ ತಾನೇ ಬೆರಗಾಗುತ್ತ ಅವರನ್ನು ಕೋಣೆಯ ತನಕ ಕರೆದೊಯ್ದಳು. ಅಲ್ಲಿ ಅರೆ ತೆರೆದಿದ್ದ ಬಾಗಿಲನ್ನು ಎರಡು ಸಲ ಮೆಲ್ಲಗೆ ತಟ್ಟಿ, ಹಿಂದೆ ಸರಿದು, ಮುಖ ಪಕ್ಕಕ್ಕೆ ತಿರುಗಿಸಿ ನಿಂತುಕೊಂಡಳು.

ಇನ್‌ಸ್ಪೆಕ್ಟರ್ ನಕ್ಕರು. "ನನಗೂ ತಮ್ಮ ಇದಾನಮ್ಮ. ಅವನ ಕೋಣೆಗೆ ನಾನು ಯಾವತ್ತೂ ಹೀಗೆ ಹೋಗಿಲ್ಲ."

ಬಾಡಿಗೆದಾರನ ಹೊಸ್ತಿಲು ದಾಟಬಾರದೆಂಬುದು ಆಕೆ ತನಗೆ ತಾನೇ ಹಾಕಿಕೊಂಡ ಕಟ್ಟು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮುರಿದಿರಲಿಲ್ಲ, ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ಬೀಗಿದ್ದೂ ಉಂಟು. ಅದೇ ಈಗ ಕೈಕೊಟ್ಟಿತ್ತು.

"ನೀವೂ ಒಳಗೆ ಬನ್ನಿ" ಎಂದು ಕರೆದ ಇನ್‌ಸ್ಪೆಕ್ಟರ್, ಬಾಗಿಲು ಮುಚ್ಚಿ ದೀಪ ಆರಿಸಿದರು.

ಹಾಡಹಗಲಲ್ಲಿ ಆಕೆಗೆ ತನ್ನ ಕೈ ತನಗೇ ಕಾಣಲಿಲ್ಲ. ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ, ಪಕ್ಕದಲ್ಲೆಲ್ಲೋ ಟೈಲರನ ಉಸಿರು. ಹೊರಗೆ ನಿಂತವಳಿಗೆ ಇಷ್ಟು ವರ್ಷ ಕಂಡದ್ದು ಬಲ್ಬಿನ ಬೆಳಕು ಮಾತ್ರ. ಅದರಾಚೆ ಇಂಥ ಕತ್ತಲೆ ಇದ್ದೀತೆಂದು ಹೊಳೆದೇ ಇರಲಿಲ್ಲ. ಆಕೆಗೆ ನಾಚಿಕೆಯಾಯಿತು, ಸಂಕಟವೂ ಆಯಿತು.

ಇನ್‌ಸ್ಪೆಕ್ಟರ್ ಮೂವತ್ತು ದಿನದ ನೋಟಿಸ್ ಕೊಟ್ಟು ಹೋದರು. ಕಿಟಕಿ, ಇಲ್ಲವೇ ಬೀಗ. ಟೈಲರ್ ಬಟ್ಟೆಗಳನ್ನು ಮಡಚಿಡತೊಡಗಿದ. ಬೇರೆ ಕಡೆ ನೋಡಿಕೊಳ್ಳುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಆಕೆಗೇ ಸಮಾಧಾನ ಹೇಳಿದ.

"ಕರೆಂಟ್ ಹೋದಾಗ ಏನ್ಮಾಡ್ತಿದ್ರಿ?"

"ಏನ್ಮಾಡೋದು? ಮೆಷಿನ್ ನಿಲ್ಲಿಸಿ, ಹಿತ್ತಲಲ್ಲಿ ನೀವು ಮಾತಾಡೋದು ಕೇಳ್ತಾ ಕೂತಿರ್ತಿದ್ದೆ" ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ.

ಆಕೆಯ ಮುಖ ಕೆಂಪೇರಿತು. ಹನ್ನೊಂದು ವರ್ಷ ಆಡಿದ್ದೆಲ್ಲ ಒಂದೊಂದೇ ನೆನಪಾಗತೊಡಗಿತು. ಅದರಲ್ಲಿ ಒಂದು ಮಾತೂ ಬೀದಿಯಲ್ಲಿ ಯಾರ ಬಾಯಲ್ಲೂ ತಿರುಗಿ ಕೇಳಿರಲಿಲ್ಲ.

"ಟೇಪ್ ತಗೊಳ್ಳಿ" ಎಂದಳು.

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಅವನು ಹಿತ್ತಲ ಕಡೆಯ ಗೋಡೆಯ ಮೇಲೆ ಗೆರೆ ಎಳೆದ. ಟೇಪಿನ ಇನ್ನೊಂದು ತುದಿಯನ್ನು ಆಕೆ ಹೆಬ್ಬೆರಳಿನಿಂದ ಗೋಡೆಗೆ ಒತ್ತಿ ಹಿಡಿದಿದ್ದಳು.

"ನಿಯಮಕ್ಕೆ ಇಷ್ಟು ಸಾಕು" ಎಂದ ಟೈಲರ್.

ಆಕೆ ಹೆಬ್ಬೆರಳನ್ನು ಇನ್ನೂ ಒಂದು ಗೇಣು ಆಚೆಗೆ ಸರಿಸಿದಳು.